ಬೆಳೆ ಪರಿಹಾರ ಬಂದಿಲ್ಲ ಅಂದ್ರೆ ಮೊದಲು ಬ್ಯಾಂಕಿಗೆ ಹೋಗಿ

ರಾಯಚೂರು ಕಡೆ ಮಳೆಗೆ ಹತ್ತಿ, ತೊಗರಿ ಹಾಳಾದವರು ಪರಿಹಾರಕ್ಕೆ ಅಂತ ಸುಮ್ನೆ ನಾಡಕಚೇರಿಗೆ ಅಲೆಯಬೇಡಿ. ದುಡ್ಡು ಬೀಳುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಎರಡು ಮೂರು ಖಾತೆ ಇದ್ದವರು ಹಳೇ ಪಾಸ್‌ಬುಕ್ಕಿಗೇ ಎಂಟ್ರಿ ಹಾಕಿಸಿ ‘ಬಂದೇ ಇಲ್ಲ’ ಅಂತಾರೆ. ಕೌಂಟರಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ?’ ಅಂತಲೇ ಕೇಳಿ, ಅಂದ್ರೆ ಆಧಾರ್ ಮೇಲೆ ಬರುವ ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗುತ್ತೆ ಅಂತ. ಬರೀ ‘ಆಧಾರ್ ಲಿಂಕ್ ಆಗಿದೆಯಾ’ ಅಂದ್ರೆ ಕೆವೈಸಿ (ಖಾತೆಗೆ ಕೊಟ್ಟ ಗುರುತಿನ ದಾಖಲೆ) ನೋಡಿ ಹೂಂ ಅಂದುಬಿಡ್ತಾರೆ, ಅದು ಬೇರೆ ಇದು ಬೇರೆ.

ಆಮೇಲೆ ಫ್ರೂಟ್ಸ್ ಐಡಿ, ಅಂದ್ರೆ ಸರ್ಕಾರದ ರೈತರ ನೋಂದಣಿ ನಂಬರು. ನಿಮ್ಮ ಎಲ್ಲಾ ಸರ್ವೆ ನಂಬರೂ ಅದರಲ್ಲಿ ಇರಬೇಕು. ಬಿಟ್ಟುಹೋಗಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಸೇರಿಸ್ತಾರೆ. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆಯಾ? ಅಣ್ಣತಮ್ಮಂದಿರ ಜಗಳ ಏನೇ ಇರಲಿ, ಪೌತಿ ಖಾತೆಗೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋದು) ಅರ್ಜಿ ಹಾಕಿ.

ಒಂದು ವಿಷಯ. 33% ಅಥವಾ ಅದಕ್ಕಿಂತ ಜಾಸ್ತಿ ಹಾನಿಯಾಗಿದ್ದರೆ ಮಾತ್ರ ಪರಿಹಾರ, ಅದೂ 2 ಹೆಕ್ಟೇರ್ ತನಕ. 10 ಎಕರೆ ಹಾಳಾದರೂ ಲೆಕ್ಕಕ್ಕೆ ಬರುವುದು ಸುಮಾರು 5 ಎಕರೆ ಅಷ್ಟೇ.

ಬೆಳೆ ವಿಮೆ ಇದರಲ್ಲಿ ಸೇರಲ್ಲ. ಪ್ರೀಮಿಯಂ ಕಟ್ಟಿದವರು ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ 14447ಕ್ಕೆ ಫೋನ್ ಮಾಡಿ ತಿಳಿಸಬೇಕು.