ಎಸ್.ಪಿ. ರೋಡ್ ಎಲ್‌ಇಡಿಯಲ್ಲಿ ಜಿಎಫ್‌ಪಿ ನೋಡಿದ್ದು: ನನ್ನ ಅನುಭವ

ಮೂರು ವ್ಯಾಟ್‌ನ ನೀಲಿ ಎಲ್‌ಇಡಿ, ಎರಡು ಫಿಲ್ಟರ್, ಕಾಲೇಜಿನ ಹಳೇ ಮೈಕ್ರೋಸ್ಕೋಪ್. ಇಷ್ಟರಲ್ಲೇ ಇ. ಕೊಲೈ ಬ್ಯಾಕ್ಟೀರಿಯಾ ಒಳಗಿನ ಜಿಎಫ್‌ಪಿ, ಅಂದರೆ ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ಪ್ರೋಟೀನ್, ಕಾಣುತ್ತದೆ, ಒಂದೊಂದು ಕೋಶವೂ ಬಿಡಿಬಿಡಿಯಾಗಿ. ಆಗಲ್ಲ ಎಂದವರೇ ಜಾಸ್ತಿ. ಈಗ ನಮ್ಮ ಬಿ.ಎಸ್ಸಿ. ಮಕ್ಕಳು ಪ್ರಾಕ್ಟಿಕಲ್‌ನಲ್ಲೇ ನೋಡುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. 2008ರ ಕೆಮಿಸ್ಟ್ರಿ ನೊಬೆಲ್ ಬಂದದ್ದು ಈ ಪ್ರೋಟೀನಿನ ಕೆಲಸಕ್ಕೇ.

ಮೊದಲು ದುಡ್ಡಿನ ವಿಷಯ. ಹೀಗೆ ಹೊಳೆಯುವುದನ್ನು ನೋಡೋಕೆ ಮೈಕ್ರೋಸ್ಕೋಪ್‌ಗೆ ಸೇರಿಸುವ ಫ್ಲೋರೆಸೆನ್ಸ್ ಅಟ್ಯಾಚ್‌ಮೆಂಟ್‌ಗೆ ಕೊಟೇಶನ್ ತರಿಸಿದರೆ ಎರಡೂವರೆ-ಮೂರು ಲಕ್ಷದ ಹತ್ತಿರ ಹೇಳಿದರು. ಅದೂ ಮರ್ಕ್ಯುರಿ ಲ್ಯಾಂಪಿನದು. ಆ ಲ್ಯಾಂಪ್ ಇನ್ನೂರು-ಮುನ್ನೂರು ಗಂಟೆ ಉರಿದರೆ ಮುಗಿಯಿತು, ಮತ್ತೆ ಹೊಸದು ತರಬೇಕು. ನಮ್ಮ ವಿಭಾಗಕ್ಕೆ ಬರುವ ಹಣ ಅಗಾರ್‌ಗೂ ಪೆಟ್ರಿ ಪ್ಲೇಟಿಗೂ ಸಾಲುವುದೇ ಕಷ್ಟ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 470 ನ್ಯಾನೊಮೀಟರ್ ತರಂಗಾಂತರದ ನೀಲಿ ಎಲ್‌ಇಡಿ, ಹೀಟ್‌ಸಿಂಕ್, ಡ್ರೈವರ್ ಸೇರಿ ನಾನೂರು ರೂಪಾಯಿ ಆಯಿತು. ಫಿಲ್ಟರ್‌ಗೆ ಸಾವಿರದ ಚಿಲ್ಲರೆ. ಎಲ್ಲ ಸೇರಿಸಿದರೂ ಎರಡು ಸಾವಿರ ದಾಟಲಿಲ್ಲ.

"ಮೇಡಂ, ಹಾಗೆ ಕಾಣೋದಾಗಿದ್ರೆ ಎಲ್ಲರೂ ಹಾಗೇ ಮಾಡ್ತಿರಲಿಲ್ವಾ?" ಎಂದರು ಸಹೋದ್ಯೋಗಿಯೊಬ್ಬರು. ಅವರೂ ನೀಲಿ ಬೆಳಕು ಹಾಕಿ ನೋಡಿದ್ದರಂತೆ, ಏನೂ ಕಂಡಿರಲಿಲ್ಲ. ಯಾವ ಪ್ಲಾಸ್ಮಿಡ್ (ಜಿಎಫ್‌ಪಿ ಜೀನನ್ನು ಬ್ಯಾಕ್ಟೀರಿಯಾ ಒಳಗೆ ಒಯ್ಯುವ ಡಿಎನ್‌ಎ ಉಂಗುರ) ಎಂದು ಕೇಳಿದೆ. ಪಾಠದ ಕಿಟ್‌ನಲ್ಲಿ ಬರುವ, ಯುವಿಗೆ ಹೊಳೆಯುವ ಜಿಎಫ್‌ಪಿಯುವಿ! ಅದು ಜಾಸ್ತಿ ಬೆಳಕು ಹೀರುವುದು 395 ನ್ಯಾನೊಮೀಟರ್‌ನಲ್ಲಿ. 470ರ ಹತ್ತಿರ ಅದರ ಹೀರಿಕೆಯ ಗ್ರಾಫಿನಲ್ಲಿ ಇರುವುದು ಸಣ್ಣದೊಂದು ಗುಡ್ಡ ಅಷ್ಟೆ. ಯುವಿ ಟಾರ್ಚ್ ಹಿಡಿದರೆ ಪ್ಲೇಟೆಲ್ಲ ಹಸಿರು, ನೀಲಿ ಹಾಕಿದರೆ ಮಂಕು. ಬೇಕಾದದ್ದು ಇಜಿಎಫ್‌ಪಿ, ಜಿಎಫ್‌ಪಿಯ ತಿದ್ದಿದ ರೂಪ. 65ನೇ ಅಮೈನೋ ಆಮ್ಲ ಸೀರಿನ್ ಜಾಗದಲ್ಲಿ ಥ್ರಿಯೋನಿನ್ ಕೂತಿರುವುದರಿಂದ ಅದರ ಗುಡ್ಡ 488ಕ್ಕೆ ಸರಿದಿದೆ, ಈ ಎಲ್‌ಇಡಿಗೆ ಹೇಳಿ ಮಾಡಿಸಿದ್ದು. ಪ್ಲಾಸ್ಮಿಡ್ ಬದಲಾಯಿಸಿದ ಮೇಲೆಯೇ ನನ್ನ ಕೆಲಸ ಮುಂದೆ ಹೋಗಿದ್ದು.

ಆಮೇಲೆ ಫಿಲ್ಟರ್ ಕಾಟ. ಕಿತ್ತಳೆ ಬಣ್ಣದ ಅಕ್ರಿಲಿಕ್ ಶೀಟು ಪ್ಲೇಟ್ ನೋಡೋಕೆ ಚೆನ್ನ, ಮೈಕ್ರೋಸ್ಕೋಪ್‌ಗೆ ಆಗಲಿಲ್ಲ. ಎಲ್ಲ ಮಂಜು ಮಂಜು. ಕಾರಣ ಶೀಟಲ್ಲ, ಎಲ್‌ಇಡಿ. ನೋಡೋಕೆ ನೀಲಿ, ಆದರೆ ಅದರ ಬಾಲ 500 ದಾಟಿ ಹಸಿರಿನವರೆಗೂ ಇರುತ್ತದೆ. ಆ ಬಾಲವೇ ಜಿಎಫ್‌ಪಿ ಬೆಳಕಿನ ಜೊತೆ ಕಣ್ಣಿಗೆ ಬರುತ್ತಿತ್ತು. ಹಾಗಾಗಿ ಎಲ್‌ಇಡಿ ಮುಂದೆಯೂ ಒಂದು ದಟ್ಟ ನೀಲಿ ಫಿಲ್ಟರ್ ಬೇಕೇ ಬೇಕು. ಬೆಳಕು ಅರ್ಧಕ್ಕಿಂತ ಕಡಿಮೆ ಆಗುತ್ತದೆ, ಆಗಲಿ ಬಿಡಿ. ಐಪೀಸ್ ಕಡೆಗೆ ಹಳೇ ಕಪ್ಪು-ಬಿಳುಪು ಫೋಟೋದವರು ಲೆನ್ಸಿಗೆ ಹಾಕುತ್ತಿದ್ದ ದಟ್ಟ ಹಳದಿ ಗಾಜು. ಅದು ಸಿಕ್ಕಿದ ಅಂಗಡಿಯಲ್ಲಿ ಇನ್ನು ಸ್ಟಾಕ್ ಇಲ್ಲ, ಇದ್ದದ್ದೆಲ್ಲ ನಾನೇ ತಂದಿದ್ದೇನೆ.

ನೀಲಿಯನ್ನು ತಿರುಗಿಸಿ ಹಸಿರನ್ನು ದಾಟಿಸುವ ಡೈಕ್ರೋಯಿಕ್ ಕನ್ನಡಿ ಇಲ್ಲದೆ ಹೇಗೆ ಅಂದರೆ, ಬೆಳಕನ್ನು ನೇರವಾಗಿ ಬಿಡಲೇಬೇಡಿ. ಕಂಡೆನ್ಸರ್ ತೆಗೆದು, ಎಲ್‌ಇಡಿಯನ್ನು ಸ್ಟೇಜ್ ಕೆಳಗಿನಿಂದ ಓರೆಯಾಗಿ ಹಿಡಿಸಿ. ನಮ್ಮ 40ರ ಆಬ್ಜೆಕ್ಟಿವ್ 0.65 ಎನ್‌ಎಯದು (ಎಷ್ಟು ಓರೆಯ ಬೆಳಕನ್ನು ಹಿಡಿಯುತ್ತದೆ ಎಂಬ ಅಳತೆ), ಸುಮಾರು ನಲವತ್ತು ಡಿಗ್ರಿ ಒಳಗೆ ಬಂದದ್ದನ್ನೆಲ್ಲ ಹಿಡಿಯುತ್ತದೆ. ಅದಕ್ಕಿಂತ ಓರೆ ಇದ್ದರೆ ನೀಲಿ ಬೆಳಕು ಪಕ್ಕಕ್ಕೆ ಹೋಗುತ್ತದೆ, ಹಸಿರು ಮಾತ್ರ ಮೇಲೆ ಬರುತ್ತದೆ. ಬೆಳಕನ್ನು ಒಂದು ಚುಕ್ಕೆಗೆ ಕೂಡಿಸೋಕೆ ನಾನು ಇಟ್ಟಿರುವ ಲೆನ್ಸ್ ಯಾವುದು, ಎಷ್ಟು ದೂರದಲ್ಲಿ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಈ ಬೆಲೆಗೆ ಇಷ್ಟು ಕಪ್ಪು ಹಿನ್ನೆಲೆ ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಸಲ ನೋಡುವವರು ಉದ್ದದ ಹೊಳೆಯುವ ದಾರ ಕಂಡು "ಬಂತು, ಬಂತು" ಅಂತಾರೆ. ಅದು ಟಿಶ್ಯೂ ಪೇಪರಿನ ನಾರು. ಕವರ್‌ಸ್ಲಿಪ್ಪನ್ನು ಅದರಲ್ಲಿ ಒರೆಸಬೇಡಿ.

ಬ್ಯಾಕ್ಟೀರಿಯಾ ಬೆಳೆಸುವ ಎಲ್‌ಬಿ ಮೀಡಿಯಂ ಕೂಡ ತಾನೇ ಹಸಿರಾಗಿ ಹೊಳೆಯುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಪಿಬಿಎಸ್ ಉಪ್ಪು ದ್ರಾವಣದಲ್ಲಿ ಎರಡು ಸಲ ತೊಳೆದು, ಒಂದೂವರೆ ಪರ್ಸೆಂಟ್ ಅಗರೋಸ್ ಪ್ಯಾಡ್ ಮೇಲೆ ಒಂದು ಹನಿ ಹಾಕಿ. ಫ್ಲಾಸ್ಕ್ ಕಂಠಮಟ್ಟ ತುಂಬಿಸಿದ ಮಕ್ಕಳ ಕಲ್ಚರ್ ಚೆನ್ನಾಗಿ ಬೆಳೆದಿತ್ತು, ಹೊಳಪು ಮಾತ್ರ ಇಲ್ಲ. ಜಿಎಫ್‌ಪಿ ಪಕ್ವವಾಗಲು ಆಮ್ಲಜನಕ ಬೇಕು. ಐದನೇ ಒಂದು ಪಾಲು ತುಂಬಿಸಿದರೆ ಸಾಕು. ಪ್ಲೇಟ್ ಆದರೆ ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆಗೆ ಹೊಳಪು ಏರಿರುತ್ತದೆ. ಸ್ಲೈಡ್ ಅಂಚಿಗೆ ನೇಲ್ ಪಾಲಿಶ್ ಹಚ್ಚಬೇಡಿ, ಅದರ ದ್ರಾವಕ ಒಳಗೆ ಹೋದರೆ ಹೊಳಪು ಸಾಯುತ್ತದೆ. ವ್ಯಾಸಲೀನ್, ಲ್ಯಾನೊಲಿನ್, ಮೇಣ ಸಮಪಾಲು ಕರಗಿಸಿ ಹಚ್ಚಿ. ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿದರೂ ಅಷ್ಟೆ, ಹೊಳಪು ಹೋಯಿತು ಅಂತಲೇ ತಿಳಿಯಿರಿ.

ನಡುವೆ ಸುಮ್ನೆ ಎಡಿಇ2 ಯೀಸ್ಟ್ (ಆ ಜೀನ್ ಕೆಟ್ಟು ಗುಲಾಬಿ ಬಣ್ಣ ಕಟ್ಟುವ ಯೀಸ್ಟ್) ಇಟ್ಟು ನೋಡಿದೆ. ಯಾವ ಜೀನೂ ಹಾಕದಿದ್ದರೂ ಆ ಗುಲಾಬಿ ಕೋಶಗಳು ತಾವೇ ಹೊಳೆಯುತ್ತವೆ. ಜಿಎಫ್‌ಪಿ ಹಾಕುವ ಯೀಸ್ಟ್‌ಗೆ ಅಡೆನಿನ್ ಜಾಸ್ತಿ ಕೊಡಿ, ಆ ಬಣ್ಣ ಕಟ್ಟಲ್ಲ. ಪಾಲಕ್ ಎಲೆಯ ಚೂರು ಇಟ್ಟರೆ ಕ್ಲೋರೋಫಿಲ್ ಕಡುಕೆಂಪಾಗಿ ಉರಿಯುತ್ತದೆ. ಬ್ಯಾಕ್ಟೀರಿಯಾ ಹಾಕುವ ಮೊದಲು ಬೆಳಕು ಸರಿಯಾಗಿ ಬೀಳುತ್ತಿದೆಯಾ ಎಂದು ನೋಡೋಕೆ ನಾನು ಈಗ ಅದನ್ನೇ ಬಳಸುವುದು.

ಫೋಟೋ ಮೊಬೈಲಿನಲ್ಲೇ. ನೈಟ್ ಮೋಡ್ ಬೇಡ, ಅದು ತನಗೆ ಬೇಕಾದ ಹಾಗೆ ತಿದ್ದುತ್ತದೆ. ಎಕ್ಸ್‌ಪೋಶರ್ ಒಂದೆರಡು ಸೆಕೆಂಡಿಗೆ ಲಾಕ್ ಮಾಡಿ, ರಾ ಫೈಲ್ ತೆಗೆದು ಇಮೇಜ್‌ಜೆ ಎಂಬ ಸಾಫ್ಟ್‌ವೇರ್‌ನಲ್ಲಿ ಹೊಳಪು ಅಳೆಯಿರಿ.

ಕೆಂಪಾಗಿ ಹೊಳೆಯುವ ಪ್ರೋಟೀನ್ ಎಂಚೆರ್ರಿ ಮಾತ್ರ ಇನ್ನೂ ಒಲಿದಿಲ್ಲ. ಅದಕ್ಕೆ ಬೇಕಾದದ್ದು 587 ನ್ಯಾನೊಮೀಟರ್ ಬೆಳಕು, ಹಸಿರು ಎಲ್‌ಇಡಿ 525ರಲ್ಲೇ ನಿಲ್ಲುತ್ತದೆ. 590ರದು ಹಾಕಿದರೆ ಅದರ ಬೆಳಕೂ ಪ್ರೋಟೀನಿನ 610ರ ಬೆಳಕೂ ತೀರಾ ಹತ್ತಿರ, ಬಣ್ಣದ ಗಾಜಿನಲ್ಲಿ ಬೇರೆ ಆಗಲ್ಲ. ಈಗ ಹಸಿರು ಎಲ್‌ಇಡಿಯನ್ನೇ ನಾಲ್ಕು ಇಟ್ಟು, ಮೇಲೆ ಕೆಂಪು ಗಾಜು ಹಾಕಿ ನೋಡುತ್ತಿದ್ದೇನೆ. ಪ್ಲೇಟಿನ ಮೇಲಿನ ಕಾಲೊನಿ ಆಗಲೇ ಕಾಣುತ್ತಿದೆ, ಬಿಡಿ ಕೋಶ ಇನ್ನೂ ಇಲ್ಲ.