ಬಾಳೆಕಾಯಿ ಕರಿಯುವಾಗ ಬಾಣಲೆಗೆ ಕಿವಿಗೊಡಿ

ಬಾಳೆಕಾಯಿ ಚಿಪ್ಸ್ ಕೆಡುವುದು ಎಷ್ಟೋ ಸಲ ಬಾಣಲೆಯಲ್ಲಲ್ಲ, ಸಂತೆಯಲ್ಲೇ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಹಸಿರಾಗಿ ಕಂಡ ಕಾಯಿಯೆಲ್ಲ ಇದಕ್ಕೆ ಬಾರದು. ಬೇಕಾದ್ದು ನೇಂದ್ರ. ಬೂದುಬಾಳೆ ಪಲ್ಯಕ್ಕೆ ಸೊಗಸು, ಆದರೆ ಅದರಲ್ಲಿ ನೀರು ಹೆಚ್ಚು; ಕರಿದರೆ ಎಣ್ಣೆ ಕುಡಿದು ಸಂಜೆಯೊಳಗೆ ಮೆತ್ತಗಾಗುತ್ತದೆ. ನೇಂದ್ರದಲ್ಲೂ ತುಂಬಿ ಬಲಿತ, ಆದರೆ ಹಣ್ಣಿನತ್ತ ತಿರುಗದ ಕಾಯಿ ಆರಿಸಿ. ಉಗುರಿನಿಂದ ಗೀರಿದರೆ ಸೊನೆ ಜಿನುಗಬೇಕು. ಎಳೆಯದಾದರೆ ಒಗರು. ಒಂದು ದಿನ ತಡವಾಗಿ ಪಿಷ್ಟ ಸಕ್ಕರೆಯಾಗತೊಡಗಿದರೆ ಇನ್ನೊಂದು ತೊಂದರೆ: ಬಿಲ್ಲೆ ಗರಿಯಾಗುವ ಮೊದಲೇ ಕಂದುತ್ತದೆ. ಉರಿ ಜಾಸ್ತಿಯಾಯಿತು ಎಂದು ಒಲೆಯನ್ನು ಬೈದು ಪ್ರಯೋಜನವಿಲ್ಲ.

ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಂಡೇ ಸುಲಿಯಿರಿ. ಸೊನೆಯ ಕಲೆ ಬಟ್ಟೆಗೆ ಹತ್ತಿದರೆ ಹೋಗುವುದು ಕಷ್ಟ. ಎರಡೂ ತುದಿ ಕತ್ತರಿಸಿ, ಏಣುಗಳ ಉದ್ದಕ್ಕೆ ಸಿಪ್ಪೆಯ ಆಳಕ್ಕಷ್ಟೇ ಗೀರಿ, ಹೆಬ್ಬೆರಳಿನಿಂದ ಎತ್ತಿದರೆ ಸಿಪ್ಪೆ ಪಟ್ಟಿಪಟ್ಟಿಯಾಗಿ ಬರುತ್ತದೆ. ಅದನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಅಲಸಂದೆ ಕಾಳಿನ ಜೊತೆ ಪಲ್ಯ ಮಾಡಬಹುದು. ಸುಲಿದ ಕಾಯಿಯನ್ನು ಇಡಿಯಾಗಿಯೇ ಅರಿಶಿನದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಿ. ಒಂದು ಲೀಟರಿಗೆ ಅರ್ಧ ಚಮಚ ಅರಿಶಿನ, ಒಂದು ಚಮಚ ಉಪ್ಪು ಸಾಕು. ಕಾಯಿ ಕಪ್ಪಾಗುವುದಿಲ್ಲ, ಅಂಟೂ ಬಿಡುತ್ತದೆ. ತೆಗೆದ ಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಇಲ್ಲಿ ಉದಾಸೀನ ಮಾಡಿದರೆ ಬಿಲ್ಲೆಗಳು ಬಾಣಲೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಒಂದು ಕಿಲೋ ಕಾಯಿಗೆ ಆಳದ ಕಬ್ಬಿಣದ ಬಾಣಲೆ, ಮುಕ್ಕಾಲು ಲೀಟರ್ ತೆಂಗಿನೆಣ್ಣೆ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಯಾಕೆಂದು ಉಪ್ಪುನೀರು ಹಾಕುವಾಗ ಗೊತ್ತಾಗುತ್ತದೆ. ಒಂದು ಬಿಲ್ಲೆ ಬಿಟ್ಟು ನೋಡಿ: ತಳಕ್ಕೆ ಹೋಗಿ, ಗುಳ್ಳೆ ಕಟ್ಟಿಕೊಂಡು ಎರಡು ಮೂರು ಸೆಕೆಂಡಿನಲ್ಲಿ ಮೇಲೆ ಬಂದರೆ ಎಣ್ಣೆ ಹದವಾಗಿದೆ. ಥರ್ಮಾಮೀಟರ್ ಇದ್ದವರಿಗೆ 170ರಿಂದ 180 ಡಿಗ್ರಿ. ಬಿಲ್ಲೆಯ ದಪ್ಪ ಒಂದೂವರೆ ಮಿಲಿಮೀಟರ್. ಅದಕ್ಕಿಂತ ಮುಖ್ಯ, ಎಲ್ಲವೂ ಒಂದೇ ದಪ್ಪ ಇರುವುದು. ಪಳಗಿದವರು ಬಿಲ್ಲೆ ತುರಿಯುವ ಮಣೆಯನ್ನು ಎಣ್ಣೆಯ ಮೇಲೇ ಹಿಡಿದು ತುರಿಯುತ್ತಾರೆ. ಹೊಸಬರಿಗೆ ಅದು ಬೇಡ. ಒಂದು ಸಲಕ್ಕೆ ಬೇಕಾದಷ್ಟನ್ನು ತಟ್ಟೆಗೆ ತುರಿದು, ಕೂಡಲೇ ಬಿಡಿಬಿಡಿಯಾಗಿ ಎಣ್ಣೆಗೆ ಉದುರಿಸಿ. ಮೊದಲ ಅರ್ಧ ನಿಮಿಷ ಸೌಟು ಹಾಕಬೇಡಿ, ಹಸಿ ಬಿಲ್ಲೆ ಮುರಿಯುತ್ತದೆ.

ಇನ್ನು ಕೇಳಿಸಿಕೊಳ್ಳುವ ಕೆಲಸ. ಮೊದಲು ಜೋರಾದ ಸದ್ದು, ದೊಡ್ಡ ಗುಳ್ಳೆ. ಅದು ಕಾಯಿಯೊಳಗಿನ ನೀರು ಆವಿಯಾಗಿ ಹೊರಬೀಳುವ ಸದ್ದು. ಮೂರು ನಿಮಿಷದ ಹೊತ್ತಿಗೆ ಗುಳ್ಳೆ ಸಣ್ಣದಾಗುತ್ತದೆ. ಆಗ ಉಪ್ಪುನೀರು: ನಾಲ್ಕು ದೊಡ್ಡ ಚಮಚ ನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಚಿಟಿಕೆ ಅರಿಶಿನ, ಕದಡಿ ಸೋಸಿದ್ದು. ಒಂದು ಸಲಕ್ಕೆ ಒಂದೇ ಸಣ್ಣ ಚಮಚ, ದೂರ ನಿಂತು ಹಾಕಿ. ಎಣ್ಣೆ ಒಮ್ಮೆ ಭೋರೆಂದು ಉಕ್ಕಿ ಇಳಿಯುತ್ತದೆ. ಚಮಚದ ಬದಲು ಲೋಟ ಬಗ್ಗಿಸಿದರೆ ಎಣ್ಣೆ ಒಲೆಗೇ ಹರಿದು ಬೆಂಕಿ ಹತ್ತೀತು. ಮಕ್ಕಳನ್ನು ಹತ್ತಿರ ಬಿಡಬೇಡಿ. ಧೈರ್ಯವಿಲ್ಲದವರು ತೆಗೆದ ಮೇಲೆ ಪುಡಿಯುಪ್ಪು ಉದುರಿಸಬಹುದು, ಆದರೆ ಅದು ಬಿಲ್ಲೆಗೆ ಹಿಡಿಯದೆ ಡಬ್ಬದ ತಳ ಸೇರುತ್ತದೆ.

ಆ ಗದ್ದಲ ಅಡಗಿದ ಮೇಲೆ ಸೌಟಿನಿಂದ ಮೆಲ್ಲಗೆ ಕೆದಕಿ. ಒಣಗಿದ ಬೀಜದಂತೆ ಗಲಗಲ ಎಂದರೆ ಆಯಿತು. ಬಣ್ಣ ನೋಡಿ ತೆಗೆಯುವವರು ಮೋಸಹೋಗುತ್ತಾರೆ, ಅರಿಶಿನದಿಂದ ಎಲ್ಲವೂ ಮೊದಲಿನಿಂದಲೇ ಹೊಂಬಣ್ಣ. ಹೊರಗೆ ಕೆಂಪು, ಒಳಗೆ ಚರ್ಮದಂತೆ ಜಿಗುಟಾದರೆ ಉರಿ ಜೋರಾಗಿತ್ತು; ಎಣ್ಣೆ ಸೋರುತ್ತಿದ್ದರೆ ಉರಿ ಸಾಲದಾಗಿತ್ತು, ಇಲ್ಲವೇ ಒಂದೇ ಸಲಕ್ಕೆ ಹೆಚ್ಚು ಸುರಿದಿರಿ. ಜಾಲರಿ ಸೌಟಿನಲ್ಲಿ ಎತ್ತಿದ ಕೂಡಲೇ ಬಾಣಲೆಯ ಮೇಲೇ ಚೆನ್ನಾಗಿ ಕೊಡವಿ. ಬಿಲ್ಲೆ ಮೇಲ್ಮೈಯ ಎಣ್ಣೆಯನ್ನು ಹೀರಿಕೊಳ್ಳುವುದು ತಣಿಯುವಾಗ. ಕಾಳುಮೆಣಸಿನ ಪುಡಿ ಹಾಕುವುದಾದರೆ ಬಿಸಿಯಿರುವಾಗಲೇ ಹಾಕಿ. ಮನೆಯ ಬಳ್ಳಿಯ ಮೆಣಸಿರುವಾಗ ಕೊಡಗಿನಲ್ಲಿ ಮಸಾಲೆ ಪುಡಿ ಕೊಳ್ಳುವುದೇಕೆ?

ದಪ್ಪ ಹೋಳು ಇಷ್ಟಪಡುವವರು ಕೆರಿಬಿಯನ್ ದ್ವೀಪಗಳ ಕಡೆ ಟೋಸ್ಟೋನೆಸ್ ಎಂದು ಕರೆಯುವ ಕ್ರಮ ಹಿಡಿಯಬಹುದು. ಎರಡು ಸೆಂಟಿಮೀಟರ್ ದಪ್ಪದ ಹೋಳನ್ನು ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ, ಕಡ್ಡಿ ಚುಚ್ಚಿದರೆ ಇಳಿಯುವವರೆಗೆ ಕರಿಯಿರಿ. ಬಿಸಿಯಿರುವಾಗಲೇ ಎಣ್ಣೆ ಸವರಿದ ಬಾಳೆಲೆಗಳ ನಡುವೆ ಇಟ್ಟು ಚಪ್ಪಟೆ ತಳದ ಲೋಟದಿಂದ ಒತ್ತಿ. ಆರಿದ್ದು ಅಂಚಿನಲ್ಲಿ ಸೀಳುತ್ತದೆ. ಆಮೇಲೆ ಜೋರು ಉರಿಯಲ್ಲಿ ಇನ್ನೆರಡು ನಿಮಿಷ. ಜೊತೆಗೆ ಪರಂಗಿ ಮೆಣಸಿನ (ಸೂಜಿಮೆಣಸಿನ) ಚಟ್ನಿಗೆ ನಾಲ್ಕು ಹನಿ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ. ಇದು ಇಟ್ಟು ತಿನ್ನುವ ತಿಂಡಿಯಲ್ಲ.

ಚಿಪ್ಸ್ ಇಡಬಹುದು, ಆದರೆ ನಮ್ಮ ಜಡಿಮಳೆಯಲ್ಲಿ ಗಾಳಿಯೇ ಒದ್ದೆ. ಪೂರ್ತಿ ಆರಿದ ಕೂಡಲೇ ತುಂಬಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೇ ಬೆವರುತ್ತದೆ, ರಾತ್ರಿಯಿಡೀ ತೆರೆದಿಟ್ಟರೆ ಬೆಳಿಗ್ಗೆ ಮೆತ್ತಗಿರುತ್ತದೆ. ಒಂದು ದೊಡ್ಡ ಡಬ್ಬದ ಬದಲು ನಾಲ್ಕು ಚಿಕ್ಕವು ಮೇಲು, ಒಂದು ತೆರೆದರೆ ಉಳಿದವಕ್ಕೆ ಗಾಳಿ ತಾಗದು. ಮೆತ್ತಗಾದದ್ದನ್ನು ದಪ್ಪ ತಳದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಐದು ನಿಮಿಷ ಆಡಿಸಿ ಆರಿಸಿದರೆ ಮತ್ತೆ ಗರಿಯಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಮಾತ್ರ ಬೇರೆ ಗಾಬರಿ: ಹೊಸ ಚಿಪ್ಸಿನ ಮೇಲೆ ತೆಳ್ಳನೆ ಬಿಳಿ ಪದರ. ಅದು ಬೂಷ್ಟಾಗಿರಲಾರದು, ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಬ್ಬವನ್ನು ಹತ್ತು ನಿಮಿಷ ಒಲೆಯ ಪಕ್ಕ ಇಡಿ, ಕರಗುತ್ತದೆ.