ಹದಿನಾಲ್ಕು ಎಲೆಯಿಂದ ಮೂರು ಎಲೆಗೆ

ಜಾತ್ರೆಗೋ ಗಣಪತಿ ಹಬ್ಬಕ್ಕೋ ನಮ್ಮನ್ನು ಗೊತ್ತುಮಾಡಲು ಬರುತ್ತಿದ್ದ ಹಳ್ಳಿಯ ಹಿರಿಯರು, ಹಣದ ಮಾತು ಮುಗಿದು ವೀಳ್ಯದೆಲೆಯ ಮೇಲೆ ಮುಂಗಡ ಇಟ್ಟ ನಂತರ, ಏಳುವ ಮುಂಚೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: "ಊಟಕ್ಕೆ ಎಷ್ಟು ಎಲೆ ಹಾಕಿಸ್ಲಿ?" 1994ರಲ್ಲಿ ನನ್ನ ಉತ್ತರ ಹದಿನಾಲ್ಕು, ವ್ಯಾನಿನ ಚಾಲಕನನ್ನು ಸೇರಿಸಿದರೆ ಹದಿನೈದು. 2013ರಲ್ಲಿ ಅದು ಮೂರಕ್ಕೆ ಇಳಿದಿತ್ತು. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷ ಒಂದು ಚಿಕ್ಕ ವಾದ್ಯಗೋಷ್ಠಿಯನ್ನು ನಡೆಸಿ, ಕೊನೆಗೆ ಮುಚ್ಚಿದವನು ನಾನು. ಡಿಜೆ ಬಂದು ಆರ್ಕೆಸ್ಟ್ರಾಗಳನ್ನು ಮುಗಿಸಿತು ಎಂದು ನಮ್ಮ ಕಲಾವಿದರೇ ಹೆಚ್ಚಾಗಿ ಹೇಳುತ್ತಾರೆ. ನಾನು ಕಂಡದ್ದು ಬೇರೆ. ಡಿಜೆ ನಮ್ಮ ಕಡೆಯ ಮೆರವಣಿಗೆಗಳಿಗೆ ಬರುವ ಹೊತ್ತಿಗೆ ನಮ್ಮ ವೇದಿಕೆಯಿಂದ ಒಂಬತ್ತು ಜನ ಆಗಲೇ ಇಳಿದುಹೋಗಿದ್ದರು, ಮತ್ತು ಅವರನ್ನು ಇಳಿಸುವ ಕೆಲಸವನ್ನು ಆರಂಭಿಸಿದವನು ನಾನೇ.

ನಾನು ಢೋಲಕ್ ಕಲಿತದ್ದು ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ. ತಂದೆ ಹತ್ತಿ ಗಿರಣಿಯ ಕಾರ್ಮಿಕರಾಗಿದ್ದರು. ಗಿರಣಿಗಳ ಕಾಲದಲ್ಲಿ ಕಾರ್ಮಿಕರ ಓಣಿಗಳಲ್ಲಿ ಗಣಪತಿ ಕೂರಿಸುವುದು ದೊಡ್ಡ ಸಂಭ್ರಮವಾಗಿತ್ತು, ಆ ಪೆಂಡಾಲುಗಳೇ ನನ್ನಂಥವರ ಪಾಠಶಾಲೆಯಾಗಿದ್ದವು. 1991ರಲ್ಲಿ ಮೂವರು ಗೆಳೆಯರು ಸೇರಿ ತಂಡ ಕಟ್ಟಬೇಕೆಂದು ಹೊರಟಾಗ ನಮ್ಮ ಬಳಿ ಇದ್ದದ್ದು ಒಂದು ಢೋಲಕ್, ಒಂದು ಗಿಟಾರ್ ಮತ್ತು ಹಾಡುವ ಒಂದು ಕಂಠ. ನಮ್ಮನ್ನು ತಂಡವನ್ನಾಗಿ ಮಾಡಿದವರು ಹಾರ್ಮೋನಿಯಂ ಮೇಷ್ಟ್ರು. ದಾವಣಗೆರೆ ವೃತ್ತಿ ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ನಾಡಿನಲ್ಲೆಲ್ಲ ತಿಳಿದದ್ದೇ. ನಮ್ಮ ಮೇಷ್ಟ್ರು ಬೇರೊಂದು ಕಂಪನಿಯಲ್ಲಿ ವರ್ಷಗಟ್ಟಲೆ ಕಾಲು ಹಾರ್ಮೋನಿಯಂ ನುಡಿಸಿ, ಕಂಪನಿ ನಿಂತ ಮೇಲೆ ಊರಿಗೆ ಮರಳಿದ್ದರು. ನಟನ ಸ್ವರ ಜಾರಿದರೆ ಪ್ರೇಕ್ಷಕರಿಗೆ ತಿಳಿಯುವ ಮುಂಚೆ ಪೆಟ್ಟಿಗೆಯಲ್ಲೇ ಅದನ್ನು ಎತ್ತಿ ಹಿಡಿಯುವುದು ಅವರಿಗೆ ಉಸಿರಾಡಿದಷ್ಟು ಸಹಜವಾಗಿತ್ತು.

ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ಮಂಡಕ್ಕಿ ಭಟ್ಟಿಗಳ ಪ್ರದೇಶದಲ್ಲಿ, ಒಂದು ದಾಸ್ತಾನು ಕೋಣೆಯಲ್ಲಿ. ಅಲ್ಲಿನ ಹೊಗೆಯ ಮಸಿ ಹಾರ್ಮೋನಿಯಂನ ಬಿಳಿ ಮನೆಗಳ ಮೇಲೆ ಕೂರುತ್ತಿತ್ತು, ದಿನವೂ ಒದ್ದೆ ಬಟ್ಟೆಯಿಂದ ಒರೆಸಬೇಕಿತ್ತು. ಆದರೆ ರಾತ್ರಿ ಹನ್ನೊಂದರವರೆಗೆ ಡ್ರಮ್ಸ್ ಬಾರಿಸಿದರೂ ಆಕ್ಷೇಪಿಸುವವರು ಅಲ್ಲಿ ಯಾರೂ ಇರಲಿಲ್ಲ.

ಆ ಅಭ್ಯಾಸದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಂಡದ ಜೀವ ಇದ್ದದ್ದು ಅಲ್ಲಿಯೇ ಎಂದು ನಾನು ಈಗಲೂ ನಂಬಿದ್ದೇನೆ. ಹೊಸ ಹಾಡಿನ ಕ್ಯಾಸೆಟ್ ತಂದು ಟೇಪ್ ರೆಕಾರ್ಡರಿಗೆ ಹಾಕಿ, ಮೊದಲು ಶ್ರುತಿ ಗುರುತಿಸಬೇಕಿತ್ತು. ಸೆಲ್ಲು ಇಳಿದಿದ್ದರೆ ಟೇಪು ನಿಧಾನವಾಗಿ ಓಡಿ, ಹಾಡು ಹಾರ್ಮೋನಿಯಂನ ಕಪ್ಪು ಒಂದನೆಯ ಮನೆಗೂ ಸೇರದೆ ಬಿಳಿ ಎರಡನೆಯ ಮನೆಗೂ ಸೇರದೆ ನಡುವೆ ನಿಲ್ಲುತ್ತಿತ್ತು. ಆಗ ಮೇಷ್ಟ್ರು ಮೂಲ ಶ್ರುತಿಯನ್ನು ಊಹಿಸಿ, ನಮ್ಮ ಗಾಯಕರ ಕಂಠಕ್ಕೆ ಹೊಂದುವ ಮನೆಗೆ ಅದನ್ನು ಇಳಿಸುತ್ತಿದ್ದರು. ಗಾಯಕನಿಗೆ ಕಪ್ಪು ಒಂದು, ಗಾಯಕಿಗೆ ಕಪ್ಪು ಐದು ಹಿತವಾಗಿದ್ದುದರಿಂದ, ಯುಗಳ ಗೀತೆಗಳಲ್ಲಿ ಇಬ್ಬರಿಗೂ ಒಗ್ಗುವ ಶ್ರುತಿ ಹುಡುಕುವುದಕ್ಕೇ ಒಂದು ಸಂಜೆ ಕಳೆಯುತ್ತಿತ್ತು. ನಂತರ ಪಲ್ಲವಿ, ಚರಣಗಳ ನಡುವೆ ವಾದ್ಯಗಳು ಮಾತ್ರ ನುಡಿಯುವ ಭಾಗವನ್ನು, ಅಂದರೆ ಬಿ.ಜಿ.ಎಂ. ಅನ್ನು, ನಾಲ್ಕು ನಾಲ್ಕು ಮಾತ್ರೆಗಳಾಗಿ ನಿಲ್ಲಿಸಿ, ತಿರುಗಿಸಿ, ಕೇಳಿ, ಪಿಟೀಲಿನದು ಯಾವುದು, ಕೊಳಲಿನದು ಯಾವುದು ಎಂದು ಬೇರ್ಪಡಿಸಿ, ಸರಿಗಮದಲ್ಲಿ ಬರೆಯುತ್ತಿದ್ದರು. ನೂರು ಪುಟದ ನೋಟ್‌ಬುಕ್ಕುಗಳು ಹೀಗೆ ಹನ್ನೊಂದು ತುಂಬಿದವು. ರಾಜನ್-ನಾಗೇಂದ್ರ ಅವರ ಹಾಡುಗಳಲ್ಲಿ ಕೊಳಲು, ಪಿಟೀಲುಗಳಿಗೆ ಕೈತುಂಬ ಕೆಲಸವಿರುತ್ತಿತ್ತು. ಹಂಸಲೇಖ ಅವರ ಹಾಡುಗಳಿಗೆ ತಾಳವಾದ್ಯದ ನಾಲ್ವರೂ ಬೆವರಬೇಕಿತ್ತು. ಒಂದು ಹಾಡು ವೇದಿಕೆಗೆ ಏರಲು ನಮಗೆ ಎಂಟರಿಂದ ಹತ್ತು ಸಂಜೆಗಳು ಬೇಕಾಗುತ್ತಿದ್ದವು.

1994ರ ಹೊತ್ತಿಗೆ ತಂಡ ಪೂರ್ಣವಾಯಿತು: ಇಬ್ಬರು ಗಾಯಕರು, ಇಬ್ಬರು ಗಾಯಕಿಯರು, ಕೀಬೋರ್ಡ್ ಮತ್ತು ಹಾರ್ಮೋನಿಯಂಗೆ ಮೇಷ್ಟ್ರು, ಲೀಡ್ ಗಿಟಾರ್, ಬೇಸ್ ಗಿಟಾರ್, ಪಿಟೀಲು, ಕೊಳಲು, ತಬಲಾ, ಢೋಲಕ್, ಕಾಂಗೋ, ಡ್ರಮ್ಸ್, ಜೊತೆಗೆ ಒಬ್ಬ ನಿರೂಪಕ. ಕಾರ್ಯಕ್ರಮಕ್ಕೆ ಆಗ ನಾವು ಪಡೆಯುತ್ತಿದ್ದದ್ದು ₹4,000. ವ್ಯಾನಿನ ಬಾಡಿಗೆ ಕಳೆದು, ಹತ್ತರಲ್ಲಿ ಒಂದು ಪಾಲನ್ನು ತಂಡದ ಡಬ್ಬಿಗೆ ಹಾಕಿ, ಉಳಿದದ್ದನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದೆವು. ಗಾಯಕರಿಗೆ ಹೆಚ್ಚು ಕೊಡಬೇಕೆಂಬ ಮಾತು ಎದ್ದಾಗ ಮೇಷ್ಟ್ರು ಒಪ್ಪಲಿಲ್ಲ. "ತಮ್ಮಾ, ಕಂಪನಿಯೊಳಗ ರಾಜನ ಪಾರ್ಟಿಗೂ ಪರದೆ ಎಳೆಯೋನಿಗೂ ಒಂದೇ ಅಡಿಗಿ" ಎಂದರು. ಪ್ರೇಕ್ಷಕರು ವೇದಿಕೆಗೆ ಬಂದು ಗಾಯಕರಿಗೆ ಕೊಡುತ್ತಿದ್ದ ಬಹುಮಾನದ ನೋಟುಗಳೂ ಅದೇ ಡಬ್ಬಿಗೆ ಹೋಗುತ್ತಿದ್ದವು.

ನಮ್ಮ ವರ್ಷ ಮೂರು ಸುಗ್ಗಿಗಳಾಗಿ ಒಡೆದಿರುತ್ತಿತ್ತು. ಗಣಪತಿ ಹಬ್ಬದ ದಿನಗಳು ಒಂದು, ನವೆಂಬರ್ ಪೂರ್ತಿ ನಡೆಯುವ ರಾಜ್ಯೋತ್ಸವ ಎರಡನೆಯದು, ಫೆಬ್ರುವರಿಯಿಂದ ಮೇ ವರೆಗಿನ ಜಾತ್ರೆಗಳು ಮೂರನೆಯದು. ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆಯ ದುಗ್ಗಮ್ಮನ ಜಾತ್ರೆ ನಮಗೆ ಮನೆಯ ಹಬ್ಬ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವದ ದಿನಗಳಲ್ಲಿ ಚಳ್ಳಕೆರೆ ಸೀಮೆಯ ಹಳ್ಳಿಗಳಿಂದಲೂ ಕರೆ ಬರುತ್ತಿತ್ತು. ಭದ್ರಾ ನಾಲೆಯ ನೀರು ಕಂಡ ಹರಿಹರ, ಚನ್ನಗಿರಿಯ ಊರುಗಳಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಒಪ್ಪಂದದ ಹಣ ಚೌಕಾಶಿಯಿಲ್ಲದೆ ಬರುತ್ತಿತ್ತು. ಮಳೆಯನ್ನೇ ನಂಬಿದ ಜಗಳೂರು, ಮೊಳಕಾಲ್ಮೂರಿನ ಊರುಗಳಲ್ಲಿ ಹಣ ಕಡಿಮೆ, ಕೇಳುವ ಜನ ಹೆಚ್ಚು. ಬೆಳಗಿನ ಮೂರು ಗಂಟೆಗೂ ಕಂಬಳಿ ಹೊದ್ದು ಕೂತು, ಹಾಡು ಮುಗಿದ ಕೂಡಲೇ ಮುಂದಿನ ಹಾಡಿನ ಚೀಟಿ ಕಳಿಸುತ್ತಿದ್ದ ಜನ ನಾನು ಕಂಡದ್ದು ಅಲ್ಲಿಯೇ.

ನವೆಂಬರಿನ ರಾತ್ರಿಗಳಲ್ಲಿ ಇಬ್ಬನಿ ಬಿದ್ದರೆ ತಬಲಾ, ಢೋಲಕ್, ಕಾಂಗೋಗಳ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ವೇದಿಕೆಯ ಹಿಂದೆ ಒಂದು ಹ್ಯಾಲೊಜನ್ ದೀಪವನ್ನು ನೆಲಕ್ಕೆ ಇಳಿಸಿ, ಎರಡು ಹಾಡಿಗೊಮ್ಮೆ ವಾದ್ಯಗಳನ್ನು ಸರದಿಯ ಮೇಲೆ ಅದರ ಮುಂದೆ ಇಡುತ್ತಿದ್ದೆವು. ಚರ್ಮಕ್ಕೆ ಕಾವು ಹೆಚ್ಚಾದರೆ ಸೀಳುತ್ತದೆ, ಕಡಿಮೆಯಾದರೆ ಬಿಗಿಯುವುದಿಲ್ಲ. ಅಂಗೈಯನ್ನು ಚರ್ಮದ ಮೇಲಿಟ್ಟು ಅದನ್ನು ತಿಳಿಯಬೇಕು. ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ನಮ್ಮ ಕಾಂಗೋ ಹುಡುಗ.

1998ರಲ್ಲಿ ನಾನು ಬೆಂಗಳೂರಿಗೆ ಹೋಗಿ, ಬಳಸಿದ ರೋಲ್ಯಾಂಡ್ ಆಕ್ಟೋಪ್ಯಾಡ್ ಒಂದನ್ನು ₹22,000 ಕೊಟ್ಟು ತಂದೆ. ಎಂಟು ರಬ್ಬರಿನ ಪ್ಯಾಡುಗಳು. ಕೋಲಿನಿಂದ ತಟ್ಟಿದರೆ ಒಂದರಲ್ಲಿ ಡ್ರಮ್ಸ್, ಇನ್ನೊಂದರಲ್ಲಿ ಕಾಂಗೋ, ಮತ್ತೊಂದರಲ್ಲಿ ಚಪ್ಪಾಳೆ. ಇಬ್ಬನಿಯ ಭಯವಿಲ್ಲ, ಶ್ರುತಿ ಇಳಿಯುವುದಿಲ್ಲ, ವ್ಯಾನಿನಲ್ಲಿ ಸೀಟಿನ ಕೆಳಗೆ ಹಿಡಿಸುತ್ತದೆ. ಹೊಸ ಹಾಡುಗಳ ಸದ್ದಿಗೆ ಅದು ನಮ್ಮ ಚರ್ಮವಾದ್ಯಗಳಿಗಿಂತ ಹತ್ತಿರವಾಗಿತ್ತು ಎಂಬುದೂ ನಿಜ. ಮೂರು ತಿಂಗಳಲ್ಲಿ ಡ್ರಮ್ಸ್ ಮತ್ತು ಕಾಂಗೋ ಬೇಡವಾದವು. ಆ ಇಬ್ಬರಿಗೆ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಡ್ರಮ್ಸ್ ನುಡಿಸುತ್ತಿದ್ದವನಿಗೆ ಬೇರೆ ತಂಡವಿತ್ತು. ಕಾಂಗೋ ಹುಡುಗ ಮಾತ್ರ, "ಅಣ್ಣಾ, ಸಾಮಾನು ಇಳ್ಸೋಕಾದ್ರೂ ಬರ್ತೀನಿ" ಎಂದ. ಪಾಲು ಕೊಡದೆ ಅವನನ್ನು ಕರೆದೊಯ್ಯುವುದು ಸರಿಯಲ್ಲವೆಂದು ಬೇಡ ಎಂದೆ. ಪಾಲು ಕೊಟ್ಟೇ ಕರೆದೊಯ್ಯಬಹುದಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ. ಹನ್ನೆರಡು ಎಲೆ.

2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವರು ಬಿಡುಗಡೆಯಾದದ್ದು 108 ದಿನಗಳ ನಂತರ, ನವೆಂಬರ್ 15ಕ್ಕೆ. ನಮ್ಮ ಗಣಪತಿ ಹಬ್ಬ ಮತ್ತು ರಾಜ್ಯೋತ್ಸವದ ಸುಗ್ಗಿಗಳು ಬಹುಪಾಲು ಆ ದಿನಗಳ ಒಳಗೇ ಬಿದ್ದವು. ಆ ಮನಃಸ್ಥಿತಿಯಲ್ಲಿ ಚಿತ್ರಗೀತೆ ಹಾಡುವ ಬಯಕೆ ನಮಗೂ ಇರಲಿಲ್ಲ, ಕೇಳುವ ಬಯಕೆ ಜನರಿಗೂ ಇರಲಿಲ್ಲ. ಮುಂಗಡಗಳನ್ನು ಹಿಂದಿರುಗಿಸಿದೆವು, ಕೆಲವು ಊರುಗಳಲ್ಲಿ ವಚನ ಮತ್ತು ಭಕ್ತಿಗೀತೆಗಳನ್ನು ಮಾತ್ರ ಹಾಡಿ ಬಂದೆವು. ಅದರ ಬೆನ್ನಿಗೇ ಮೂರು ವರ್ಷ ಸತತ ಬರಗಾಲ. ಜಾತ್ರೆಯ ಖರ್ಚಿನಲ್ಲಿ ಊರಿನವರು ಮೊದಲು ಕಡಿತ ಮಾಡುತ್ತಿದ್ದದ್ದು ನಮ್ಮನ್ನು, ಅದು ನ್ಯಾಯವೂ ಆಗಿತ್ತು.

ಆ ಕಷ್ಟದಲ್ಲಿ ನಾವು ಕಂಡುಕೊಂಡ ದಾರಿ ಜನರನ್ನು ಇನ್ನಷ್ಟು ಕಡಿಮೆ ಮಾಡುವುದು. ಡಬ್ಬಿಯ ಹಣಕ್ಕೆ ಸಾಲ ಸೇರಿಸಿ ಹೊಸ ಯಮಹಾ ಕೀಬೋರ್ಡ್ ಕೊಂಡೆವು. ಅದರಲ್ಲಿ ಕೊಳಲಿನ ನಾದವೂ ಪಿಟೀಲುಗಳ ಗುಂಪಿನ ನಾದವೂ ಇದ್ದವು, ಎಡಗೈಯ ಒಂದು ಬೆರಳಿಗೆ ಬೇಸ್ ತಾನಾಗಿ ಬರುತ್ತಿತ್ತು, ಒಂದು ಗುಂಡಿ ಒತ್ತಿದರೆ ಶ್ರುತಿಯೇ ಬದಲಾಗುತ್ತಿತ್ತು. ಮೂವರು ಇಳಿದರು, ಒಂಬತ್ತು ಎಲೆ. ತಲೆಗೆ ಬರುವ ಪಾಲು ಹೆಚ್ಚಿತು, ಅದನ್ನು ನಾವು ಏಳಿಗೆ ಎಂದುಕೊಂಡೆವು. ಆದರೆ ನಾನು ವೇದಿಕೆಯ ಮೇಲಿಂದಲೇ ಗಮನಿಸಿದ ಒಂದು ಸಂಗತಿಯಿದೆ. ಮೊದಲು ಬಿ.ಜಿ.ಎಂ. ಬಂದಾಗ ಮುಂದಿನ ಸಾಲಿನ ಮಕ್ಕಳ ಕಣ್ಣು ಗಾಯಕನಿಂದ ಕೊಳಲಿನವನ ಕಡೆಗೆ, ಅವನಿಂದ ಪಿಟೀಲಿನ ಕಡೆಗೆ ಓಡುತ್ತಿತ್ತು. ಯಾವ ಸದ್ದನ್ನು ಯಾರು ಹೊರಡಿಸುತ್ತಾರೆಂದು ಹುಡುಕುವುದೇ ಅವರಿಗೆ ಅರ್ಧ ಸಂತೋಷ. ಈಗ ಕೊಳಲು ಕೇಳುತ್ತಿತ್ತು, ಕೊಳಲಿನವನು ಕಾಣುತ್ತಿರಲಿಲ್ಲ. ಬಿ.ಜಿ.ಎಂ. ಬಂದಾಗ ಜನ ಪಕ್ಕದವರೊಂದಿಗೆ ಮಾತಿಗೆ ತೊಡಗಿದರು. ಗಾಯಕನ ಬಾಯಿ ಮುಚ್ಚಿದೊಡನೆ ನಾವು ಅವರ ಪಾಲಿಗೆ ಇಲ್ಲವಾಗುತ್ತಿದ್ದೆವು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ದಲ್ಲೇ ಬಂದಿತ್ತು. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ನಮ್ಮ ಕಡೆಯಲ್ಲೂ ಬಿಗಿಯಾಗಿ ಜಾರಿಗೆ ಬರತೊಡಗಿತು. ರೋಗಿಗಳು, ಓದುವ ಮಕ್ಕಳು ಇರುವ ಊರಿನಲ್ಲಿ ಆ ನಿಯಮ ಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಹೊಲದಿಂದ ಬಂದು, ದನ ಕಟ್ಟಿ, ಉಂಡು ಜನ ಮೈದಾನಕ್ಕೆ ಬರುವುದೇ ಒಂಬತ್ತಕ್ಕೆ. ಹತ್ತಕ್ಕೆ ಶುರುವಾಗಿ ಮೂವತ್ತೈದು ಹಾಡು ಹಾಡುತ್ತಿದ್ದ ತಂಡ, ಏಳೂವರೆಗೆ ಖಾಲಿ ಕುರ್ಚಿಗಳ ಮುಂದೆ ಆರಂಭಿಸಿ ಹದಿನೈದು ಹಾಡಿಗೆ ಮುಗಿಸಬೇಕಾಯಿತು. ಅಷ್ಟಕ್ಕೆ ನಾಲ್ವರು ಗಾಯಕರೇಕೆ ಎಂದು ಸಮಿತಿಯವರು ಕೇಳಿದರು. ಟೀವಿಯ ಹಾಡಿನ ಸ್ಪರ್ಧೆಗಳಲ್ಲಿ ಮುಖ ಕಂಡ ಒಬ್ಬರನ್ನು ಕರೆಸಿ, ಉಳಿದ ಹಣದಲ್ಲಿ ನಮ್ಮನ್ನು ಹಿಮ್ಮೇಳಕ್ಕೆ ಇಟ್ಟುಕೊಳ್ಳುವ ಪದ್ಧತಿಯೂ ಬಂತು. ಇಬ್ಬರು ಗಾಯಕರು ಬಿಟ್ಟರು, ಲೀಡ್ ಗಿಟಾರಿನವನು ಬೆಂಗಳೂರಿಗೆ ಹೋದ, ನಿರೂಪಣೆಯನ್ನು ಗಾಯಕನೇ ಮಾಡತೊಡಗಿದ. 2009ಕ್ಕೆ ಐದು ಎಲೆ.

ಅನಂತರದ ಕಥೆ ಚಿಕ್ಕದು. ಗಾಯಕರ ಕಂಠವಿಲ್ಲದೆ ವಾದ್ಯಗಳ ಸದ್ದಷ್ಟೇ ಇರುವ ಹಾಡಿನ ಟ್ರ್ಯಾಕುಗಳು ಸಿ.ಡಿ.ಯಲ್ಲಿ, ಆಮೇಲೆ ಪೆನ್‌ಡ್ರೈವಿನಲ್ಲಿ ಸಿಗತೊಡಗಿದವು. ಎಂಟು ಸಂಜೆ ಅಭ್ಯಾಸ ಬೇಡುತ್ತಿದ್ದ ಹಾಡು ಒಂದು ಕ್ಲಿಕ್ಕಿಗೆ ಬರುತ್ತಿತ್ತು. ಮೇಷ್ಟ್ರು ಒಂದೇ ಒಂದು ಕಾರ್ಯಕ್ರಮದಲ್ಲಿ ಟ್ರ್ಯಾಕಿನ ಜೊತೆ ಕೂತರು. ಗಾಯಕಿ ಎರಡನೆಯ ಚರಣಕ್ಕೆ ಒಂದು ಮಾತ್ರೆ ತಡವಾಗಿ ಬಂದಳು. ಅಂಥಲ್ಲೆಲ್ಲ ಬಿ.ಜಿ.ಎಂ.ನ ಕೊನೆಯ ಸಾಲನ್ನು ಇನ್ನೊಮ್ಮೆ ನುಡಿಸಿ ಅವಳಿಗಾಗಿ ಕಾಯುವುದು ಮೇಷ್ಟ್ರ ಅಭ್ಯಾಸ, ಟ್ರ್ಯಾಕು ಕಾಯಲಿಲ್ಲ. ಹಾಡು ಕೊನೆಯವರೆಗೂ ಒಂದು ಮಾತ್ರೆ ಹಿಂದೆಯೇ ಸಾಗಿತು. ವ್ಯಾನಿನಲ್ಲಿ ಅವರು, "ನಾನಿನ್ನು ಬರೂದಿಲ್ಲ ತಮ್ಮಾ, ಅದು ಯಾರ ಮಾತೂ ಕೇಳೂದಿಲ್ಲ" ಎಂದರು. ತಬಲಾ ನುಡಿಸುತ್ತಿದ್ದವರೂ ಅವರ ಹಿಂದೆಯೇ ಬಿಟ್ಟರು.

2013ರ ಗಣಪತಿ ಹಬ್ಬದಲ್ಲಿ ಹೊಳಲ್ಕೆರೆ ತಾಲ್ಲೂಕಿನ ಒಂದು ಊರಿನಲ್ಲಿ ನಮ್ಮ ಕೊನೆಯ ಕಾರ್ಯಕ್ರಮ ನಡೆಯಿತು: ಗಾಯಕ, ಗಾಯಕಿ, ಲ್ಯಾಪ್‌ಟಾಪಿನ ಮುಂದೆ ನಾನು. ಅದೇ ಬೀದಿಯ ತುದಿಯಲ್ಲಿ ವಿಸರ್ಜನೆಯ ಮೆರವಣಿಗೆಗೆಂದು ಡಿಜೆಯ ಪೆಟ್ಟಿಗೆಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು. ನಮ್ಮ ವೇದಿಕೆಯಲ್ಲಿ ಓಡುತ್ತಿದ್ದದ್ದೂ ಪೆನ್‌ಡ್ರೈವು, ಅವರದ್ದೂ ಪೆನ್‌ಡ್ರೈವು. ಅವರ ಪೆಟ್ಟಿಗೆಗಳು ದೊಡ್ಡವು. ಜನ ಆ ಕಡೆಗೆ ಹೋದದ್ದರಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಉಣ್ಣಲು ಕೂತಾಗ ಬಡಿಸುತ್ತಿದ್ದ ಹಿರಿಯರು ಬಾಗಿಲ ಕಡೆ ನೋಡಿ, "ಉಳಿದೋರು ಬರ್ಲಿ, ಒಟ್ಟಿಗೇ ಬಡಸ್ತೀನಿ" ಎಂದರು. ಅವರು ನಮ್ಮನ್ನು 1996ರಲ್ಲಿ ಕಂಡವರು.

ಊರಿಗೆ ಬಂದ ವಾರದಲ್ಲೇ ಕೀಬೋರ್ಡ್ ಮತ್ತು ಆಕ್ಟೋಪ್ಯಾಡುಗಳನ್ನು ಮಾರಿದೆವು. ಡಬ್ಬಿಯ ಹಣ ಸೇರಿ ₹30,800 ಆಯಿತು. ಉಳಿದ ಮೂವರೇ ಹಂಚಿಕೊಳ್ಳಬಹುದಿತ್ತು. ಆದರೆ ಆ ಡಬ್ಬಿ ತುಂಬಲು ಹದಿನಾಲ್ಕು ಜನ ದುಡಿದಿದ್ದರು. ತಲೆಗೆ ₹2,200ರಂತೆ ಲಕೋಟೆಗಳನ್ನು ಮಾಡಿ, ಒಂದು ತಿಂಗಳು ಸುತ್ತಿ, ಒಬ್ಬೊಬ್ಬರ ಮನೆಗೂ ತಲುಪಿಸಿದೆ. ಬೆಂಗಳೂರಿನವನಿಗೆ ಮನಿಯಾರ್ಡರ್ ಮಾಡುವ ಬದಲು ಬಸ್ಸು ಹತ್ತಿ ನಾನೇ ಹೋದೆ. ಮೇಷ್ಟ್ರು ಲಕೋಟೆಯನ್ನು ಕಣ್ಣಿಗೆ ಒತ್ತಿಕೊಂಡು, ಒಳಗಿನಿಂದ ಹನ್ನೊಂದು ನೋಟ್‌ಬುಕ್ಕುಗಳನ್ನು ತಂದು ನನ್ನ ಕೈಗಿಟ್ಟರು.

ಕಾಂಗೋ ಹುಡುಗ ಈಗ ಮಂಡಿಪೇಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಾನೆ. ಅವನು ಲಕೋಟೆ ತೆಗೆದುಕೊಳ್ಳಲಿಲ್ಲ. ಕಾಂಗೋ ಎಲ್ಲಿದೆ ಎಂದು ಕೇಳಿದ. ಹದಿನೈದು ವರ್ಷದಿಂದ ನಮ್ಮ ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ಭಾನುವಾರ ಬಂದು ಇಳಿಸಿಕೊಂಡ, ಬಿಸಿಲಿಗೆ ಇಟ್ಟ, ಅರ್ಧ ಗಂಟೆಯ ನಂತರ ಅಂಗೈಯನ್ನು ಚರ್ಮದ ಮೇಲೆ ಇಟ್ಟು ನೋಡಿ, ಇನ್ನೂ ಸ್ವಲ್ಪ ಹೊತ್ತು ಬೇಕು ಎಂದ.